ಆನೆ ಕಾಸು, ಮೇಲೆ ಮಾರಾಟ ತೆರಿಗೆ

ಅನುಗೊಂಡನಹಳ್ಳಿ ಕಡೆಯ ಪಂಚಾಯಿತಿಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ ಹರಾಜಿನ ವಿಷಯದಲ್ಲಿ ಯಾರೂ ಪಾಠ ಹೇಳುವಂತಿರಲಿಲ್ಲ. ವರ್ಷಾ ವರ್ಷಾ ಕೆರೆ ಏರಿಯ ಹುಣಸೆ ಫಸಲಿನ ಹರಾಜು ಕೂಗಿಸುತ್ತಿದ್ದವನು ನಾನೇ. ಮೂರು ಸಲ ಕೂಗಿದರೆ ಮುಗಿಯಿತು. ಕೂಗಿದಷ್ಟು ದುಡ್ಡು ಕೊಟ್ಟು ಮರ ಹತ್ತಬೇಕು, ಅಷ್ಟೆ. ಈ ಜಂಬವೇ ತೊಂಬತ್ತರ ದಶಕದಲ್ಲಿ ಒಮ್ಮೆ ಬೆಂಗಳೂರಿನಲ್ಲಿ ನನ್ನ ಮಾನ ಕಳೆಯಿತು.

ಹಳೇ ನಾಣ್ಯ ಕೂಡಿಡುವ ಹುಚ್ಚು ನನಗೆ. ಆದರೆ ಮೈಸೂರಿನ ಆನೆ ಕಾಸು ಮಾತ್ರ ಸಿಕ್ಕಿರಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಅಮ್ಮ ಕಳಶದೊಳಗೆ ಹಾಕುತ್ತಿದ್ದ ಅಂಥ ತಾಮ್ರದ ಕಾಸನ್ನು ಎಂಟು ವರ್ಷದವನಿದ್ದಾಗ ಕದ್ದು, ಅಂಗಡಿಯವನಿಗೆ ಗೋಲಿಗೆ ಕೊಟ್ಟುಬಿಟ್ಟಿದ್ದೆ. ಅಮ್ಮ ಮನೆಯೆಲ್ಲ ಹುಡುಕಿದಾಗ ಬಾಯಿ ಬಿಡದೆ ನಾನೂ ಜೊತೆಗೆ ಹುಡುಕಿದ್ದೆ! ನೆನೆದರೆ ಈಗಲೂ ನಾಚಿಕೆ. ಅಂಥದ್ದೇ ಒಂದನ್ನು ತಂದು ಅವಳ ಕೈಗಿಡಬೇಕೆಂಬ ಆಸೆ ಮನಸ್ಸಿನಲ್ಲೇ ಇತ್ತು.

ಅಮ್ಮನಿಗೆ ಕನ್ನಡಕ ಕೊಡಿಸಲು ಹೋದ ದಿನವೇ ಪೇಟೆಯಲ್ಲಿ ನಾಣ್ಯಗಳ ಹರಾಜಿತ್ತು, ಪಟ್ಟಿಯಲ್ಲಿ ಆನೆ ಕಾಸೂ ಇತ್ತು. ಹೊಸ ಕನ್ನಡಕದ ಅಮ್ಮನನ್ನು ಹಿಂದಿನ ಕುರ್ಚಿಯಲ್ಲಿ ಕೂರಿಸಿ, ಬಸ್ ಚಾರ್ಜು ಬೇರೆ ಇಟ್ಟು, ಉಳಿದದ್ದನ್ನೆಲ್ಲ ಕೂಗಿದೆ. ಮುನ್ನೂರು ರೂಪಾಯಿ. ಸುತ್ತಿಗೆ ಬಿತ್ತು, ಕಾಸು ನನಗೇ ಆಯಿತು.

"ಕಮಿಷನ್ನು, ಮಾರಾಟ ತೆರಿಗೆ ಎಲ್ಲಾ ಸೇರಿ ಮುನ್ನೂರ ನಲವತ್ತೈದು ಸಾರ್," ಅಂದ ಬಿಲ್ ಬರೆಯುವವನು.

"ನಾನು ಕೂಗಿದ್ದು ಮುನ್ನೂರು ಕಣ್ರೀ!"

"ತೆರಿಗೆ ಲೆಕ್ಕ ಹಾಕ್ಕೊಂಡು ಕೂಗ್ಬೇಕು ಸಾರ್. ಬಾಗಿಲಲ್ಲೇ ಅಂಟಿಸಿದ್ದೀವಲ್ಲ. ಆಗಲ್ಲ ಅಂದ್ರೆ ನಿಮ್ಗಿಂತ ಮುಂಚೆ ಕೂಗಿದೋರಿಗೆ ಕೊಡ್ತೀವಿ."

ಅಂಟಿಸಿದ್ದರು, ನಿಜ. ಹರಾಜು ಕೂಗಿಸುವವನೇ ನಾನು, ಓದುವುದೇನಿದೆ ಅಂತ ದಾಟಿಕೊಂಡು ಬಂದಿದ್ದೆ. ಬಸ್ ಚಾರ್ಜು ಸೇರಿಸಿದರೂ ಸಾಲುತ್ತಿರಲಿಲ್ಲ. ಕೈಗೆ ಬಂದ ಕಾಸು ಹೋಗುತ್ತದಲ್ಲ ಎಂದು ಅಳುವೇ ಬಂತು.

ಅಷ್ಟರಲ್ಲಿ ಅಮ್ಮ ಎದ್ದು ಬಂದಳು. "ಎಷ್ಟು ಕಮ್ಮಿಯಂತೆ?" ಎಂದವಳೇ ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿ, ಸುಣ್ಣ ಮೆತ್ತಿದ ನೋಟುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. "ದುಡ್ಡು ಕೊಂಡ್ಕೊಳ್ಳೋಕೂ ತೆರಿಗೆ ಕಟ್ಬೇಕೇನಪ್ಪಾ?" ಎಂದು ಕೇಳಿದಾಗ ಬಿಲ್ಲಿನವನೂ ನಕ್ಕುಬಿಟ್ಟ.

ಹೊರಗೆ ಬಂದು ಅಮ್ಮ ಕಾಸನ್ನು ಸೆರಗಿನಲ್ಲಿ ಒರೆಸಿ, ಹೊಸ ಕನ್ನಡಕದ ಹತ್ತಿರ ಹಿಡಿದು, ಆನೆಯನ್ನು ಬಹಳ ಹೊತ್ತು ನೋಡಿದಳು.

"ಅವತ್ತು ಗೋಲಿ ಅಂಗಡಿಯವನು ತೆರಿಗೆ ಕೇಳಿರ್ಲಿಲ್ಲ, ಅಲ್ವೇನೋ?"

ಅಮ್ಮ ಕಾಸನ್ನು ಸಂಚಿಗೆ ಹಾಕಿ ದಾರ ಬಿಗಿದು, "ನಡಿ, ಹೊಸಕೋಟೆ ಬಸ್ ಹೋಗ್ಬಿಡುತ್ತೆ," ಅಂದಳು.