ಪ್ರಿಯ ದ್ಯಾಮಪ್ಪ
ಅಂಬೇವಾಡಿಯ ಕೋಣೆಯೊಂದರಲ್ಲಿ ಒಬ್ಬರೇ ಇರುವ ದ್ಯಾಮಪ್ಪನವರು ಬಸ್ಸು ಹತ್ತಿ ಅತ್ತಿವೇರಿ ಪಕ್ಷಿಧಾಮಕ್ಕೆ ಹೋಗಿ ಹಕ್ಕಿಗಳ ವಿಡಿಯೋ ಮಾಡಿ ಇಂಟರ್ನೆಟ್ಟಿಗೆ ಹಾಕುತ್ತಾರೆ. ನೋಡುವವರು ಒಂಬತ್ತೇ ಮಂದಿ. ಆದರೆ ವಿಡಿಯೋ ಕಂಪನಿಯಿಂದ ಹೊಸ ಸುದ್ದಿಯ ಇ-ಮೇಲ್ ಬಂತೆಂದರೆ ಇಸ್ತ್ರಿ ಅಂಗಿ ತೊಟ್ಟೇ ಓದುತ್ತಾರೆ. "ನಮ್ಮವರು ಲೈಕ್ ಬಟನ್ ಜಾಗಾ ಬದಲಿ ಮಾಡ್ಯಾರ್ರಿ!" ಎಂದು ಚಹಾದಂಗಡಿಗೆಲ್ಲ ಸಾರುತ್ತಾರೆ. ಯಾರಾದರೂ "ಅದರಿಂದ ನಿಮಗೇನ್ರಿ?" ಎಂದರೆ, "ಮೊದಲ್ನೇ ಸಾಲಿನಾಗ ಪ್ರಿಯ ದ್ಯಾಮಪ್ಪ ಅಂತ ಬರದಾರ. ನಿಮಗ ಯಾರರ ಹಂಗ ಬರೀತಾರೇನು?" ಎಂದು ರೇಗುತ್ತಾರೆ. ಪತ್ರ ಬಂದರೆ ಉತ್ತರ ಬರೆಯಲೇಬೇಕೆನ್ನುವ ಕಾಲದವರು, ಪ್ರತಿ ಸಲವೂ "ನಿಮ್ಮ ಪತ್ರ ಮುಟ್ಟಿತು. ಎಲ್ಲಾರೂ ಆರಾಮ ಅದೀರೇನು? ಊಟ ಆತೇನ್ರಿ?" ಎಂದು ಬರೆದು ಕಳಿಸುತ್ತಾರೆ. ಎಲ್ಲವನ್ನೂ ಗಟ್ಟಿಯಾಗಿ ಓದುವ ಅವರು ಕಂಪನಿಯ ಇ-ಮೇಲಿನ ಕೊನೆಯ ಸಾಲನ್ನು ಮಾತ್ರ ಯಾರಿಗೂ ಓದಿ ಹೇಳುವುದಿಲ್ಲ: "ದಯವಿಟ್ಟು ಇದಕ್ಕೆ ಉತ್ತರಿಸಬೇಡಿ."