ಲೈಸಿನ್ ಮೇಷ್ಟ್ರು
ಹಂದಿ ಸಾಕಣೆ ಕೇಂದ್ರದಲ್ಲಿ ಲೈಸಿನ್ ಮೇಷ್ಟ್ರೆಂದೇ ಹೆಸರಾದ ಮೇವುತಜ್ಞರಿಗೆ ಲೋಕವೆಲ್ಲ ಕಾಣುವುದು ಸ್ನಾಯು, ಕೊಬ್ಬು ಎಂಬ ಎರಡೇ ಪಂಗಡಗಳಾಗಿ. ಮೇವಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆಯಾದರೆ ಸ್ನಾಯುವಿನ ಎಳೆ ಸೊರಗಿ, ಎಳೆಗಳ ನಡುವೆ ಕೊಬ್ಬು ಮನೆಮಾಡುತ್ತದೆಂದು ಅವರು ಹಂದಿಗಳಿಗೂ ವಿವರಿಸದೆ ಬಿಡುವವರಲ್ಲ. ಊಟಕ್ಕೆ ಬಂದ ಭಾವಮೈದುನನ ತಟ್ಟೆ ನೋಡಿ, "ಇದೆಲ್ಲ ಹೊಟ್ಟೆಗೇ ಹೋಗುತ್ತೆ, ತೋಳಿಗೆ ಏನೂ ಬರಲ್ಲ" ಎನ್ನುತ್ತಾರೆ. "ಭಾವ, ನನ್ನನ್ನ ಯಾವತ್ತು ತೂಕಕ್ಕೆ ಹಾಕ್ತೀರಿ?" ಎಂದು ಅವನು ಕೆಣಕಿದರೆ, "ಬೆಳಿಗ್ಗೆ ಖಾಲಿ ಹೊಟ್ಟೇಲಿ ಬಾ" ಎಂದು ಗಂಭೀರವಾಗಿಯೇ ಉತ್ತರಿಸುತ್ತಾರೆ. ದೀರ್ಘ ಕಾಯಿಲೆಯಿಂದ ಎದ್ದ ಹೆಂಡತಿಯ ತೋಳು ಮಾತ್ರ ಅವರ ಯಾವ ಲೆಕ್ಕಕ್ಕೂ ತುಂಬಿಕೊಳ್ಳಲಿಲ್ಲ; ಊಟವೆಂದರೆ ಮುಖ ತಿರುಗಿಸುತ್ತಿದ್ದಳು. "ನೀವು ಪಾಠ ನಿಲ್ಸಿ ಪಕ್ಕದಲ್ಲಿ ಕೂತ್ರೆ ನಾಲ್ಕು ತುತ್ತು ಗಂಜಿ ಒಳಗೆ ಹೋಗುತ್ತೆ" ಎಂದಳು ಒಮ್ಮೆ. ಅಂದಿನಿಂದ, ಆ ಬರಿಯ ಗಂಜಿಯಲ್ಲಿ ಏನಿದೆ, ಏನಿಲ್ಲ ಎಂಬುದನ್ನೆಲ್ಲ ಬಲ್ಲ ಮನುಷ್ಯ, ಅವಳು ಬಟ್ಟಲು ಕೆಳಗಿಡುವವರೆಗೂ ತುಟಿ ಬಿಚ್ಚದೆ ಕೂರುತ್ತಾರೆ.