ಅಕ್ಕ ನೋಡದ ಕೊನೆಯ ಕಂತು

ಒಂದು ಧಾರಾವಾಹಿಯ ವಿಷಯದಲ್ಲಿ ನಾನು ಮೂವತ್ತು ವರ್ಷಗಳಿಂದ ಸುಳ್ಳು ಹೇಳುತ್ತ ಬಂದಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ಹೀಗೆ ಒಪ್ಪಿಕೊಳ್ಳುವುದು ಕಷ್ಟವೇ. ಯಾರಾದರೂ ಈಗಿನ ಟೀವಿಯನ್ನು ಹೊಗಳಿದರೆ ಸಾಕು, ‘ನಮ್ಮ ಕಾಲದಲ್ಲಿ ಒಂದಿತ್ತು’ ಎಂದು ಶುರುಮಾಡಿ, ಎದುರಿಗಿದ್ದವರ ಕಾಫಿ ಆರುವ ತನಕ ಬಿಡುತ್ತಿರಲಿಲ್ಲ.

ಅದು ರೈಲು ನಿಲ್ಲದ ಒಂದು ಸಣ್ಣ ಊರಿನ ಕಥೆ. ಸ್ಟೇಷನ್ ಇದೆ, ಸ್ಟೇಷನ್ ಮಾಸ್ತರೂ ಇದ್ದಾನೆ, ರೈಲು ಮಾತ್ರ ನಿಲ್ಲುವುದಿಲ್ಲ. ಆ ಊರಿನ ಬ್ಯಾಂಡ್‌ಸೆಟ್ಟಿನವರಿಗೆ ಬರುತ್ತಿದ್ದುದು ಒಂದೇ ಹಾಡು. ಮದುವೆಗೂ ಸಾವಿಗೂ ಅದನ್ನೇ ನುಡಿಸುತ್ತಿದ್ದರು. ವಿಳಾಸ ತಪ್ಪಿ ಬಂದ ಕಾಗದಗಳಿಗೆಲ್ಲ ಪೋಸ್ಟ್ ಮಾಸ್ಟರು ತಾನೇ ಉತ್ತರ ಬರೆಯುತ್ತಿದ್ದ. ತರೀಕೆರೆಯ ನಮ್ಮ ಬೀದಿಯಲ್ಲಿ ವಿಸಿಆರ್ ಇದ್ದದ್ದು ನಮ್ಮ ಮನೆಯೊಂದರಲ್ಲೇ. ವಾರ ವಾರವೂ ಭಕ್ತಿಯಿಂದ ರೆಕಾರ್ಡ್ ಮಾಡಿಕೊಂಡೆ.

ಕೊನೆಯ ಕಂತಿನ ದಿನ ಖಾಲಿ ಕ್ಯಾಸೆಟ್ ಮುಗಿದಿತ್ತು. ಕಪಾಟಿನಲ್ಲಿದ್ದದ್ದು ಗಿರಿಜಕ್ಕನ ಮದುವೆಯ ಕ್ಯಾಸೆಟ್. ಅಕ್ಕನನ್ನು ಅಜ್ಜಂಪುರಕ್ಕೆ ಕೊಟ್ಟು ಆಗಿನ್ನೂ ವರ್ಷವಾಗಿತ್ತು. ಎರಡು ಕ್ಯಾಸೆಟ್ಟುಗಳಲ್ಲಿ ಮೊದಲನೆಯದರಲ್ಲಿ ಮದುವೆ, ಎರಡನೆಯದರಲ್ಲಿ ಬರೀ ಊಟದ ಪಂಕ್ತಿ. ಕ್ಯಾಸೆಟ್ಟಿನ ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ನಾಲಿಗೆಯನ್ನು ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ವಿಡಿಯೋ ತೆಗೆದವನು ಜಾಣ, ಮುರಿದಿದ್ದ. ನಾನು ಅವನಿಗಿಂತ ಜಾಣ, ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿದೆ. ಪಂಕ್ತಿಯಲ್ಲಿ ಉಂಡವರ ಮುಖವನ್ನು ಮತ್ತೆ ಯಾರು ನೋಡುತ್ತಾರೆ ಎಂಬುದು ನನ್ನ ಲೆಕ್ಕ.

ಮರು ವರ್ಷ ಅಪ್ಪ ಹೋಗಿಬಿಟ್ಟರು. ಹನ್ನೊಂದನೆಯ ದಿನದ ಕೆಲಸ ಮುಗಿದ ಮೇಲೆ ಅಕ್ಕ ಆ ಎರಡನೆಯ ಕ್ಯಾಸೆಟ್ ಕೇಳಿದಳು. ಮದುವೆಯ ದಿನ ಅಪ್ಪ ಕ್ಯಾಮೆರಾ ಕಂಡಲ್ಲೆಲ್ಲ ತಪ್ಪಿಸಿಕೊಂಡಿದ್ದರು. ಬಡಿಸುವಾಗ ಮಾತ್ರ ಸಿಕ್ಕಿಬಿದ್ದಿದ್ದರಂತೆ. ಫಂಗಸ್ ಹಿಡಿದು ಹಾಳಾಯಿತು ಎಂದೆ. ‘ಹೋಗ್ಲಿ ಬಿಡು’ ಎಂದಳು. ಬೈದಿದ್ದರೆ ನಾಲ್ಕು ದಿನಕ್ಕೆ ಮರೆಯುತ್ತಿದ್ದೆನೇನೋ. ಅಂದಿನಿಂದ ಅಕ್ಕ ಬಂದಾಗಲೆಲ್ಲ ನಾನು ಟೀವಿಯ ಮಾತನ್ನೇ ಎತ್ತುತ್ತಿರಲಿಲ್ಲ. ಅವಳೂ ಊಟಕ್ಕೆ ಬಂದು, ಊಟವಾದ ಮೇಲೆ ಸಿಕ್ಕಿದ ಬಸ್ಸಿಗೆ ಹೊರಟುಬಿಡುತ್ತಿದ್ದಳು.

ಈ ವರ್ಷ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅಟ್ಟದಿಂದ ಕ್ಯಾಸೆಟ್ಟುಗಳು ಇಳಿದವು. ತೆರೆದು ನೋಡಿದರೆ ಬೆಳ್ಳಗೆ ಫಂಗಸ್. ನನ್ನ ಸುಳ್ಳು ಅಷ್ಟು ವರ್ಷ ಕಾದು ಕೂತು ನಿಜವಾಗಿತ್ತು. ಹೊರಗೆ ಎಸೆಯಿರಿ ಎಂದಳು ಹೆಂಡತಿ ಕಮಲ. ಮನಸ್ಸು ಬರಲಿಲ್ಲ. ಕಡೂರಿನಲ್ಲಿ ಸ್ಟುಡಿಯೋ ಇಟ್ಟಿರುವ ರುದ್ರೇಶ ನನ್ನ ಹಳೆಯ ವಿದ್ಯಾರ್ಥಿ. ಅವನ ಬಳಿ ಇನ್ನೂ ಓಡುವ ವಿಸಿಆರ್ ಇತ್ತು. ಅವನು ಟೇಪುಗಳನ್ನು ಬಿಚ್ಚಿ, ಮೆತ್ತಗೆ ಒರೆಸಿ, ಹತ್ತು ದಿನದಲ್ಲಿ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಇಳಿಸಿಕೊಟ್ಟ. ‘ಕೊನೆಯ ಕ್ಯಾಸೆಟ್ಟನ್ನು ಪೂರ್ತಿ ನೋಡಿ ಮೇಷ್ಟ್ರೇ’ ಎಂದಷ್ಟೇ ಹೇಳಿದ.

ನೋಡಲು ಕೂತೆವು. ಧಾರಾವಾಹಿ ಆಮೆಯ ಹಾಗೆ ಸಾಗುತ್ತಿತ್ತು. ಬಾಗಿಲು ಹಾಕಿದರೆ ಸೆಟ್ಟಿನ ಗೋಡೆ ಅಲ್ಲಾಡುತ್ತಿತ್ತು. ನಾನು ಊರಿಗೆಲ್ಲ ಹೇಳಿ ನಗಿಸಿದ್ದ ಒಂದು ಪ್ರಸಂಗವಂತೂ ಇರಲೇ ಇಲ್ಲ; ಅದು ನನ್ನದೇ ಸೃಷ್ಟಿ. ಟೇಪಿನ ಮೇಲಿನ ಕಬ್ಬಿಣದ ಪುಡಿ, ಅಯಸ್ಕಾಂತ ಕೊನೆಯದಾಗಿ ಹೇಳಿದ್ದನ್ನು ಮಾತ್ರ ನೆನಪಿಡುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿದವನು ನಾನು. ಮನುಷ್ಯನ ತಲೆ, ಯಾರೂ ಹೇಳದ್ದನ್ನೂ ಸೇರಿಸಿ ಇಟ್ಟುಕೊಳ್ಳುತ್ತದೆ. ಆದರೂ ಆ ಬ್ಯಾಂಡ್‌ಸೆಟ್ಟು ಬಂದಾಗ ಕಮಲ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಕೊನೆಯ ಕಂತು ಮುಗಿಯಿತು. ಒಂದು ಜಾಹೀರಾತು, ಆಮೇಲೆ ಬರೀ ಗೆರೆ. ಏಳಬೇಕೆನ್ನುವಷ್ಟರಲ್ಲಿ ಗೆರೆಗಳ ಒಳಗಿಂದ ಬಾಳೆಲೆಗಳು ಕಾಣಿಸಿದವು. ನಾನು ಅಳಿಸಿದ್ದು ಅರ್ಧ ಗಂಟೆಯನ್ನು ಮಾತ್ರ. ಉಳಿದ ಊಟ ಹಾಗೇ ಇತ್ತು. ಪಾಯಸದ ಬಕೆಟ್ ಹಿಡಿದು ಅಪ್ಪ ಬಂದರು. ಕ್ಯಾಮೆರಾ ನೋಡಿ ಕೈ ಅಡ್ಡ ಹಿಡಿದರು. “ನನ್ನೇನು ತೆಗೀತೀಯಪ್ಪಾ, ಅಲ್ಲಿ ನಮ್ಮ ಗಿರಿಜ ಕೂತವ್ಳೆ, ಅವಳನ್ನ ತೆಗಿ” ಎಂದರು. ಹೆಚ್ಚೆಂದರೆ ಅರ್ಧ ನಿಮಿಷ.

ಮಾರನೆಯ ದಿನವೇ ಅಜ್ಜಂಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳು ಅಕ್ಕನ ಜಗಲಿ ಹತ್ತುವಾಗ ಒಂದೂ ಉಳಿಯಲಿಲ್ಲ. ಸೆಲ್ಲೋಟೇಪಿನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು.

“ಫಂಗಸ್ ಅಂದಿದ್ದೆ.”

“ಹೂಂ ಅಕ್ಕ. ಸುಳ್ಳು.”

ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿದಳು. ನಾನು ಮೊರದ ಕಡೆ ನೋಡುತ್ತಿದ್ದೆ. ಕೊನೆಗೆ ಅವಳು ಕೇಳಿದ್ದು ನಾನು ನಿರೀಕ್ಷಿಸಿದ ಪ್ರಶ್ನೆಯಲ್ಲ.

“ಅಂದ್ರೆ ಆ ಕೊನೇ ಕಂತು ನಿನ್ ಹತ್ರ ಇತ್ತಾ? ರೈಲು ನಿಲ್ತೇನೋ?”

ಕೊನೆಯ ಕಂತು ಬಂದ ದಿನ ಅಜ್ಜಂಪುರದಲ್ಲಿ ಕರೆಂಟು ಹೋಗಿತ್ತಂತೆ. ಆಮೇಲೆ ಅವಳು ಕಥೆ ಏನಾಯಿತೆಂದು ನನ್ನನ್ನು ಕೇಳಿದಾಗ, ರೆಕಾರ್ಡಿಂಗಿನ ಮಾತು ಬಂದೀತೆಂಬ ಭಯಕ್ಕೆ, ನಾನೂ ನೋಡಲಿಲ್ಲ ಎಂದಿದ್ದೆನಂತೆ. ನನಗದು ನೆನಪೇ ಇಲ್ಲ. ಸುಳ್ಳುಗಳ ವಿಷಯದಲ್ಲೂ ನನ್ನ ತಲೆ ಅಷ್ಟಕ್ಕಷ್ಟೆ. “ಅಪ್ಪ ಇದ್ದ ಕ್ಯಾಸೆಟ್ ಅಳಿಸಿದ್ದಕ್ಕೆ ಸಿಟ್ಟೈತೆ ಕಣೋ” ಎಂದಳು ಅಕ್ಕ. “ಆದ್ರೆ ಇಷ್ಟ್ ವರ್ಷ ನನ್ ಕಂಡ್ರೆ ತಪ್ಪಿಸ್ಕೊಂಡ್ ಓಡಾಡ್ತಿದ್ಯಲ್ಲ, ಅದಕ್ಕೆ ಇನ್ನೂ ಜಾಸ್ತಿ.”

ಅವಳ ಟೀವಿಗೆ ಪೆನ್‌ಡ್ರೈವ್ ಸಿಕ್ಕಿಸಿದೆ. ರೈಲು ನಿಂತಿತು. ಊರೆಲ್ಲ ಹೊಸ ಬಟ್ಟೆ ತೊಟ್ಟು ಕಾದಿತ್ತು, ಯಾರೂ ಇಳಿಯಲಿಲ್ಲ. ಗಾರ್ಡು ಒಂದು ಚೊಂಬು ನೀರು ಕೇಳಿ ಕುಡಿದು, ಹಸಿರು ಬಾವುಟ ತೋರಿಸಿದ. ಅಷ್ಟಕ್ಕೇ ಊರು ಬ್ಯಾಂಡ್ ಬಾರಿಸಿ ಕುಣಿಯಿತು. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಲ್ಲುವ ಮೊದಲೇ ಬಾಳೆಲೆಗಳು ಬಂದವು, ಅಪ್ಪ ಬಂದರು. ತನ್ನ ಹೆಸರು ಕೇಳಿ ಅಕ್ಕ ಎದ್ದು ಟೀವಿಯ ಹತ್ತಿರ ಹೋಗಿ ನಿಂತಳು. ಮೂರು ಸಲ ಹಾಕಿಸಿದಳು.

ಆಮೇಲೆ ಮುಖ ತೊಳೆದು ಬಂದು ಎಷ್ಟು ಕಂತು ಎಂದು ಕೇಳಿದಳು. ಹದಿಮೂರು ಎಂದೆ. ಪೆನ್‌ಡ್ರೈವ್ ಇಲ್ಲೇ ಬಿಟ್ಟುಹೋಗುತ್ತೇನೆ, ಕೂತು ನೋಡಿಬಿಡು ಎಂದೆ.

“ಬ್ಯಾಡ. ಮೊದ್ಲಿಂದೆಲ್ಲ ಮರ್ತೇ ಹೋಗೈತೆ. ವಾರಕ್ಕೊಂದೇ ಹಾಕು, ನಾನೇ ಬತ್ತೀನಿ.”

ಮೊನ್ನೆ ಭಾನುವಾರ ಮೂರನೆಯ ಕಂತು ಮುಗಿಯಿತು. ಬಸ್‌ಸ್ಟಾಂಡಿಗೆ ಬಿಡಲು ಹೋದಾಗ, ಮುಂದೆ ಪೋಸ್ಟ್ ಮಾಸ್ಟರ್ ಕಥೆ ಏನಾಗುತ್ತದೆ ಎಂದು ಅಕ್ಕ ಮೆಲ್ಲಗೆ ವಿಚಾರಿಸಿದಳು. ನನಗೆ ಗೊತ್ತು, ಹೇಳಲಿಲ್ಲ. ಕೆಲವು ಗುಟ್ಟುಗಳನ್ನು ಇಟ್ಟುಕೊಂಡರೆ ನಮ್ಮವರು ದೂರವಾಗುತ್ತಾರೆ. ಇಂಥದ್ದನ್ನು ಇಟ್ಟುಕೊಂಡರೆ ಮುಂದಿನ ವಾರ ತಾವೇ ಬಸ್ಸು ಹತ್ತಿ ಬರುತ್ತಾರೆ.